ಎಳೆ ಕುದುರಿ ಬೆದಿಗಿ ಬಂದ್ರ ಆಕಳ ಲೆಕ್ಕ ಹಾಕಬ್ಯಾಡ್ರಿ

ನಮ್ಮ ಗದಗ, ಹಾವೇರಿ ಕಡೆ ಕುರಿ ಹಿಂಡಿನ ಜೋಡಿ ಹೇರು ಹೊರಾಕ ಕುದುರಿ ಇಟ್ಕೊಂಡವ್ರು ಇನ್ನೂ ಅದಾರ, ಮೆರವಣಿಗಿಗೆ ಸಾಕಿದವ್ರೂ ಅದಾರ, ಆದ್ರ ಗಬ್ಬದ ವಿಷಯ ಬಂತಂದ್ರ ಎಲ್ಲಾರೂ ಆಕಳ ಲೆಕ್ಕಾನ ಹಾಕ್ತಾರ, ಮುಂಜಾನೆ ಬೆದಿ ಕಂಡ್ರ ಸಂಜಿಕ ಸೂಜಿ, ಅಂದ್ರ ಕೃತಕ ಗರ್ಭಧಾರಣೆ, ಮಾಡ್ಸು ಅಂತ. ನಾನೂ ಹಂಗ ಬೆದಿ ಕಂಡ ದಿನಾನ ಗಂಡು ಬಿಟ್ಟು ಒಂದ್ ಸೀಸನ್ ಕಳಕೊಂಡೀನಿ.

ಆಕಳ, ಕುದುರಿ ಎರಡಕ್ಕೂ ಬೆದಿ ಚಕ್ರ 21 ದಿನದ ಆಸುಪಾಸು ಖರೆ. ಆಕಳ ಬೆದಿ ಒಂದ್ ದಿನಾನೂ ಪೂರ್ತಿ ಇರಂಗಿಲ್ಲ, ತತ್ತಿ ಬಿಡೋದು ಬೆದಿ ಇಳಿದ ಮ್ಯಾಲೆ. ಕುದುರಿದು 5ರಿಂದ 7 ದಿನ ನಡೀತೈತಿ, ತತ್ತಿ ಬಿಡೋದು ಬೆದಿ ಮುಗಿಯೋಕ 1-2 ದಿನ ಮೊದಲ. ಅಂಡಾಶಯದಾಗ ಸುಮಾರು ಫಾಲಿಕಲ್ ಅಂದ್ರ ನೀರ್ಗುಳ್ಳಿ ಬೆಳ್ಯಾಕ ಶುರು ಮಾಡ್ತಾವ, 22-23 ಮಿಲಿಮೀಟರ್ ಹತ್ರ ಒಂದು ಮುಂದ ಹೋಗ್ತೈತಿ, ಉಳಿದವು ಕುಗ್ತಾವ, ಮುಂದಿಂದು ದಿನಕ್ಕ 3 ಮಿಲಿಮೀಟರ್‌ನಂಗ ಬೆಳದು ಸಾಮಾನ್ಯವಾಗಿ 35-45 ಆದಾಗ ಒಡೀತೈತಿ. ಹೊರಬಿದ್ದ ತತ್ತಿಗೆ ಆಯುಷ್ಯ ಭಾಳ ಕಮ್ಮಿ, ತಾಸಿನ ಲೆಕ್ಕ.

ಅದಕ್ಕ ಮೊದಲ ಒಂದ್ ಕ್ಯಾಲೆಂಡರ್ ಹಿಡೀರಿ. ದಿನಾ ಗಟ್ಟಿ ಬೇಲಿ ಆಚೆಯಿಂದ ಗಂಡು ತೋರಿಸ್ರಿ: ಬಾಲ ಎತ್ತಿ ನಿಂತು ಸ್ವಲ್ಪ ಸ್ವಲ್ಪ ಉಚ್ಚಿ ಹೊಯ್ದು ಯೋನಿ ತುಟಿ ತೆಗೆದು ಮುಚ್ಚಿ ಮಾಡಿದ್ರ ಬೆದಿ, ಕಿವಿ ಹಿಂದ ಮಾಡಿ ಒದ್ದ್ರ ಅಲ್ಲ. ಅಂಡಾಶಯದ ಗುಳ್ಳಿ ಅಳಿಯೋ ಸ್ಕ್ಯಾನ್ ಸಿಗಲಿಲ್ಲಂದ್ರ ಬೆದಿಯ 2ನೇ-3ನೇ ದಿನದಿಂದ ದಿನ ಬಿಟ್ಟು ದಿನ, ಬೆದಿ ಇಳಿಯೋ ತನಕ ಗಂಡು ಬಿಡ್ರಿ. ಸಿಕ್ರ ಇನ್ನೂ ಚಲೋ, ಗುಳ್ಳಿ 35 ಮಿಲಿಮೀಟರ್ ದಾಟಿದಾಗ ಡಾಕ್ಟ್ರು ತತ್ತಿ ಬಿಡಸೋ ಎಚ್‌ಸಿಜಿ ಇಂಜೆಕ್ಷನ್ ಕೊಟ್ರ ಹೆಚ್ಚಾಗಿ ಎರಡ್ ದಿನದಾಗ ಒಡೀತೈತಿ. ಗದಗದಾಗ ವೆಟರ್ನರಿ ಕಾಲೇಜ್ ಐತಿ, ಅಲ್ಲಿ ವಿಚಾರಸ್ರಿ. ಈ ಸ್ಕ್ಯಾನಿಗೆ ಗುದದಾಗ ಕೈ ಹಾಕಬೇಕಾಗ್ತೈತಿ, ಕಲಿಯದವ್ರ ಕಡೆ ಮಾತ್ರ ಹಾಕಸಬ್ಯಾಡ್ರಿ, ಎಳೆ ಕುದುರಿ ಗುದನಾಳ ಹರದ್ರ ಜೀವಾನ ಹೋಗ್ತೈತಿ.

ವಯಸ್ಸು? ಒಂದೂವರಿ ವರ್ಷಕ್ಕ ಬೆದಿಗಿ ಬರಬಹುದು, ಶುರುವಾತಿಗೆ ಚಕ್ರ ಹಿಂದ ಮುಂದ ಆಗೋದೂ ಉಂಟು, ಗಾಬರಿ ಆಗಬ್ಯಾಡ್ರಿ, ಆದ್ರ ಮೈ ಇನ್ನೂ ಬೆಳೀತಿರ್ತೈತಿ, 3 ವರ್ಷ ತುಂಬೋ ತನಕ ತಡೀರಿ. ಪರದೇಶದ ವಿಡಿಯೋದಾಗ ಚಳಿಗಾಲಕ್ಕ ಚಕ್ರ ಬಂದ್ ಅಂತಾರ, ಅದು ಹಗಲು ಸಣ್ಣದಾಗಿ. ನಮ್ಮಲ್ಲಿ ಕಾರಹುಣ್ಣಿಮಿ ಸುಮಾರಿಗೆ ಹಗಲು 13 ತಾಸು, ಡಿಸೆಂಬರ್‌ನ್ಯಾಗ 11ರ ಮ್ಯಾಲೆ, ಅಷ್ಟ ಫರಕು, ಹೊಟ್ಟಿಗಿ ಸರಿ ಬಿದ್ದ್ರ ಭಾಳ ಕುದುರಿ ನಡಸ್ಕೊಂಡ ಹೋಗ್ತಾವ. ಬಡಕಲಾದ್ರ ಬ್ಯಾರೆ ಮಾತು.

ತತ್ತಿ ಬಿಟ್ಟ 14-16ನೇ ದಿನಕ್ಕ ಸ್ಕ್ಯಾನ್ ತಪ್ಪಸಬ್ಯಾಡ್ರಿ. ಅವಳಿ ಇದ್ರ ಕುದುರಿಗೆ ಸಂತೋಷದ ಸುದ್ದಿ ಅಲ್ಲ, ಹೆಚ್ಚಾಗಿ ಎರಡೂ ಹೋಗ್ತಾವ, ಒಂದನ್ನ ಡಾಕ್ಟ್ರು ತಗಿಯೋದು ಅಷ್ಟರಾಗಾನ ಸುಲಭ. ಒಂದಾ ಇತ್ತಂದ್ರ ಇನ್ನ 11 ತಿಂಗಳು ಕಾಯ್ರಿ.