ಲಿವರ್‌ಗೆ ವೈ-90 ಕೊಡ್ಸಿದ್ಮೇಲೆ ಹೊಕ್ಕಳ ಮೇಲೆ ಚರ್ಮ ಕೆಂಪಾದ್ರೆ ಏನ್ ಮಾಡ್ಬೇಕು

ಲಿವರ್ ಕ್ಯಾನ್ಸರ್‌ಗೆ ವೈ-90 ಅಥವಾ ಟೇರ್ ಅನ್ನೋ ಟ್ರೀಟ್‌ಮೆಂಟಲ್ಲಿ ತೊಡೆಸಂದಿಯಿಂದಲೋ ಕೈಯಿಂದಲೋ ಸಣ್ಣ ಟ್ಯೂಬ್ ಹಾಕಿ, ಇಟ್ರಿಯಂ-90 ಅನ್ನೋ ವಿಕಿರಣ ಸೂಸೋ ವಸ್ತು ಇರೋ ಕಣ್ಣಿಗೆ ಕಾಣದ ಮಣಿಗಳನ್ನ ಗಡ್ಡೆಗೆ ಹೋಗೋ ರಕ್ತನಾಳಕ್ಕೆ ಬಿಡ್ತಾರೆ. ಕಿರಣ ಸರಾಸರಿ 2.5 ಮಿಲಿಮೀಟರ್ ದೂರ ಅಷ್ಟೇ ಹೋಗೋದು, ಹಂಗಾಗಿ ಚರ್ಮದ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ. ಆದ್ರೆ ಕೆಲವರಿಗೆ ಫಾಲ್ಸಿಫಾರ್ಮ್ ಆರ್ಟರಿ ಅಂತ ಸಣ್ಣ ಕವಲೊಂದು ಲಿವರ್ ಕಡೆಯಿಂದ ಹೊಕ್ಕಳ ಮೇಲಿನ ಭಾಗಕ್ಕೆ ಬರತ್ತೆ, ಮಣಿ ಆ ದಾರಿ ಹಿಡಿದ್ರೆ ಅಲ್ಲಿ ಚರ್ಮ ಒಳಗಿಂದಲೇ ಸುಡತ್ತೆ. ಅಪರೂಪ, ಆದ್ರೆ ಆಗತ್ತೆ.

ಮಣಿ ಬಿಡೋಕೆ ಮೊದ್ಲು ಒಂದ್ಸಲ ಆಂಜಿಯೋಗ್ರಾಮ್ (ರಕ್ತನಾಳದ ಎಕ್ಸ್‌ರೇ), ಎಂಎಎ ಸ್ಕ್ಯಾನ್ (ಮಣಿ ಎಲ್ಲೆಲ್ಲಿ ಹೋಗಬಹುದು ಅಂತ ನೋಡೋ ಪರೀಕ್ಷೆ) ಮಾಡ್ತಾರಲ್ಲ, ಆವಾಗ್ಲೇ ಕೇಳಿ: "ಡಾಕ್ಟ್ರೇ, ಫಾಲ್ಸಿಫಾರ್ಮ್ ಆರ್ಟರಿ ಕಾಣ್ತಿದ್ಯಾ, ಏನ್ ಮಾಡ್ತೀರಿ?" ಕಾಯಿಲ್ ಅನ್ನೋ ಸಣ್ಣ ಲೋಹದ ಸುರುಳಿ ಹಾಕಿ ಮುಚ್ಚಬಹುದು, ಮಣಿ ಬಿಡುವಾಗ ಹೊಟ್ಟೆ ಮೇಲೆ ಐಸ್‌ಪ್ಯಾಕ್ ಇಟ್ಟು ಆ ನಾಳ ಸಂಕುಚಿತ ಆಗೋ ಹಾಗೂ ಮಾಡ್ತಾರೆ. ಮಣಿ ಬಿಡುವಾಗ ಹೊಟ್ಟೆ ಮೇಲ್ಭಾಗ ಉರಿದ್ರೆ ತಡ್ಕೊಂಡು ಮಲಗ್ಬೇಡಿ, ತಕ್ಷಣ ಹೇಳಿ.

ಮನೆಗೆ ಬಂದ್ಮೇಲೆ ದಿನಾ ಸ್ನಾನದ ಹೊತ್ತಿಗೆ ಹೊಟ್ಟೆ ನೋಡಿ. ಇಟ್ರಿಯಂನ ವಿಕಿರಣ ಪ್ರತಿ 64 ಗಂಟೆಗೆ ಅರ್ಧ ಆಗತ್ತೆ, ಆದ್ರೆ ಕೆಂಪು, ಉರಿ, ಗಟ್ಟಿ ಆಗೋದು ಕೆಲವು ವಾರ ಬಿಟ್ಟೂ ಶುರುವಾಗಬಹುದು. ಕಾರವಾರ, ಅಂಕೋಲಾ ಕಡೆ ಸೆಕೆಗೆ ಬೆವರುಸಾಲೆ ಅಂದ್ಕೊಳ್ತಾರೆ, ಇಲ್ಲಾಂದ್ರೆ ಸರ್ಪಸುತ್ತು ಅಂತ ನಾಟಿ ಔಷಧಿಗೆ ಓಡ್ತಾರೆ. ಸರ್ಪಸುತ್ತು ಸಾಮಾನ್ಯವಾಗಿ ಒಂದೇ ಬದಿಗೆ ಪಟ್ಟಿ ತರ ಬರತ್ತೆ, ಇದು ಹೊಕ್ಕಳ ಮೇಲೆ ನಡುಮಧ್ಯದ ಆಸುಪಾಸು, ಆದ್ರೂ ನೀವೇ ತೀರ್ಮಾನ ಮಾಡ್ಬೇಡಿ. ಬೆನ್ನ ಮೇಲೆ ಚೌಕ ಕಲೆ ಬಂದ್ರೂ ಹೇಳಿ, ಅದು ಆಂಜಿಯೋಗ್ರಾಮ್ ಎಕ್ಸ್‌ರೇ ಸುಟ್ಟಿದ್ದಿರಬಹುದು.

ಅರಿಶಿನ, ಎಣ್ಣೆ ತಿಕ್ಕೋದು, ಬಿಸಿ ಶಾಖ ಯಾವ್ದೂ ಬೇಡ. ಸಿರ್ಸಿ ಕಡೆ ಹಂಡೆ ನೀರು ಸುಡುಸುಡು ಹೊಯ್ಕೊಳ್ಳೋ ಅಭ್ಯಾಸ ಇದ್ರೆ ಸ್ವಲ್ಪ ದಿನ ಉಗುರುಬೆಚ್ಚಗೆ ಸಾಕು, ಪಂಚೆ ಗಂಟು, ಲಂಗದ ಲಾಡಿ ಕೆಳಗೆ ಸಡಿಲಾಗಿ ಕಟ್ಟಿ. ನೋವಿನ ಮಾತ್ರೆ ಕೇಳದೆ ನುಂಗ್ಬೇಡಿ, ಲಿವರ್ ಮೊದ್ಲೇ ಸೋತಿರತ್ತೆ. ಸಾಮಾನ್ಯವಾಗಿ ಸ್ಟೀರಾಯ್ಡ್ ಮುಲಾಮು, ಚರ್ಮ ಒಡೆದ್ರೆ ಡ್ರೆಸ್ಸಿಂಗ್ ಕೊಡ್ತಾರೆ.

ಮಣಿಪಾಲ, ಗೋವಾ, ಹುಬ್ಬಳ್ಳಿ ಎಲ್ಲಾ ದೂರ, ಹಂಗಾಗಿ ತಾರೀಕು ಹಾಕಿ ಫೋಟೋ ತೆಗೆದು ಟ್ರೀಟ್‌ಮೆಂಟ್ ಕೊಟ್ಟ ಟೀಮ್‌ಗೆ ಮೊದ್ಲು ಕಳ್ಸಿ. ಊರಿನ ಚರ್ಮದ ಡಾಕ್ಟ್ರಿಗೆ ಡಿಸ್ಚಾರ್ಜ್ ಸಮ್ಮರಿ ತೋರ್ಸಿ ವೈ-90 ಆಗಿದೆ ಅಂತ ಬಾಯಿಬಿಟ್ಟು ಹೇಳಿ, ಚರ್ಮ ಕತ್ತರಿಸಿ ಟೆಸ್ಟ್‌ಗೆ ಕಳಿಸೋ ಮುಂಚೆ ಆ ಟೀಮ್ ಹತ್ರ ಒಂದ್ಮಾತು ಕೇಳೋಕೆ ಹೇಳಿ, ಕಿರಣ ತಾಗಿದ ಚರ್ಮದ ಗಾಯ ಬೇಗ ಮಾಯಲ್ಲ. ಜ್ವರ, ಕೀವು, ಚರ್ಮ ಕಪ್ಪಾಗೋದು ಕಂಡ್ರೆ ಫೋಟೋ ಕಳ್ಸಿ ಕಾಯ್ತಾ ಕೂರ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.