ಲಾವಂಚದ ಬೇರು ಒಣಗಿಸಿ ಬೀರುವಿಗೆ ಪೊಟ್ಟಣ: ನನ್ನ ಅನುಭವ

ಲಾವಂಚ ಎಂದೊಡನೆ ಕೆಲವರು ಲ್ಯಾವೆಂಡರ್ ಎಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಲ್ಯಾವೆಂಡರಿನ ಘಮ ಹೂವಿನಲ್ಲಿ, ಲಾವಂಚದ್ದು ಬೇರಿನಲ್ಲಿ. ಲಾವಂಚ ನಮ್ಮ ನೆಲದ್ದೇ ಹುಲ್ಲು.

ಮಣ್ಣಿನಲ್ಲಿ ಮರಳು ಹೆಚ್ಚಿದ್ದರೆ ಬೇರು ತುಂಡಾಗದೆ ಕೈಗೆ ಬರುತ್ತದೆ. ಹಳೆಯ ಸಿಮೆಂಟ್ ಚೀಲಕ್ಕೆ ಎರಡು ಪಾಲು ಮರಳು, ಒಂದು ಪಾಲು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ ತುಂಬಿ ಜೂನ್‌ನಲ್ಲಿ ನೆಡುತ್ತೇನೆ. ಕೀಳುವುದು ಮರುವರ್ಷದ ಡಿಸೆಂಬರಿಗೆ, 18 ತಿಂಗಳು ತುಂಬಿದ ಮೇಲೆ. ಎಳೆಯ ಬೇರು ಬೆಳ್ಳಗೆ, ಸಪೂರವಾಗಿದ್ದು ಪರಿಮಳ ಕಡಿಮೆ. ಮಳೆಗಾಲದಲ್ಲಂತೂ ಕೀಳಲೇಬಾರದು, ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಚೀಲ ಸೀಳಿ, ನೀರು ಬಿಟ್ಟು ಮಣ್ಣು ಕರಗಿಸಿದರೆ ಬೇರಿನ ಜಡೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ಬುಡ ಕತ್ತರಿಸಿ ಮತ್ತೆ ನೆಡಲು ಇಟ್ಟುಕೊಳ್ಳಿ. ಬೇರನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ, ಸೋಪು ಬೇಡ. ಮಣ್ಣು ಉಳಿದರೆ ಮುಂದೆ ಅದೇ ದೂಳಾಗಿ ಬಟ್ಟೆಗೆ ಉದುರುತ್ತದೆ.

ಕೆಲಸ ಕೆಡುವುದು ಒಣಗಿಸುವಲ್ಲಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಎಣ್ಣೆಯ ಅಂಶವೂ ಹಾರಿಹೋಗುತ್ತದೆ. ಗಾಳಿಯಾಡುವ ಜಗಲಿಯ ನೆರಳಿನಲ್ಲಿ ಚಾಪೆ ಹಾಸಿ, ಒಂದು ಇಂಚಿಗಿಂತ ದಪ್ಪವಾಗದಂತೆ ಹರಡಿ ದಿನಕ್ಕೊಮ್ಮೆ ತಿರುವಿಹಾಕಿ. ಮೂರನೆಯ ದಿನಕ್ಕೇ ತುದಿಯ ನಾರು ಗರಿಗರಿಯಾಗಿ, ಎಲ್ಲ ಒಣಗಿತೆಂದು ಅನಿಸುತ್ತದೆ. ಅದನ್ನು ನಂಬಿ ಕಟ್ಟಿಟ್ಟ ಕಂತೆಯ ನಡುವೆ ವಾರದಲ್ಲೇ ಮುಗ್ಗಲು ವಾಸನೆ ಬಂದಿತ್ತು. ಪರೀಕ್ಷಿಸಬೇಕಾದದ್ದು ಬುಡದ ಕಡೆಯ ದಪ್ಪ ಬೇರನ್ನು: ಬಗ್ಗಿಸಿದರೆ ಬಳುಕಬಾರದು, ಟಕ್ಕನೆ ಮುರಿಯಬೇಕು. ಅಡುಗೆಮನೆಯ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಒಣಗಿದಂತೆ. ಜನವರಿಯ ಒಣಹವೆಯಲ್ಲಿ ಎಂಟು ದಿನ ಸಾಕಾಗುತ್ತದೆ.

ಕತ್ತರಿಯಿಂದ ಒಂದಿಂಚಿನ ತುಂಡು ಮಾಡಿ. ಪುಡಿ ಮಾಡಬೇಡಿ, ಬಟ್ಟೆಯ ಸಂದಿಯಿಂದ ಸೋರುತ್ತದೆ, ಘಮವೂ ಬೇಗ ಇಳಿಯುತ್ತದೆ. ಹಳೆಯ ಹತ್ತಿ ಪಂಚೆಯನ್ನು ಎರಡು ಮಡಿಕೆ ಮಾಡಿ, ಐದಿಂಚು ಉದ್ದ ನಾಲ್ಕಿಂಚು ಅಗಲದ ಚೀಲ ಹೊಲಿದು 15 ಗ್ರಾಂ ತುಂಬುತ್ತೇನೆ. ನೈಲಾನ್ ಚೀಲವನ್ನು ಬೇರಿನ ಮೊನೆ ಚುಚ್ಚಿ ಹೊರಬರುತ್ತದೆ. ರೇಷ್ಮೆ ಸೀರೆಯ ಮೇಲೆ ನೇರವಾಗಿ ಇಡದೆ, ಸೀರೆಗೆ ಸುತ್ತಿದ ಬಿಳಿ ಬಟ್ಟೆಯ ಹೊರಗಿಡಿ.

ಲಾವಂಚದ ಎಣ್ಣೆ ಭಾರವಾದದ್ದು, ನಿಧಾನವಾಗಿ ಆರುತ್ತದೆ. ಘಮ ಕುಗ್ಗಿದರೆ ಎಸೆಯಬೇಡಿ. ಬೇರನ್ನು ಹೊರತೆಗೆದು ನಾಲ್ಕು ಹನಿ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ, ಎರಡು ದಿನ ನೆರಳಿನಲ್ಲಿ ಆರಿಸಿ ಮತ್ತೆ ತುಂಬಿ.