ಎಮ್ಡೆನ್ ಕ್ಯಾಪ್ಟನ್ ಮುಲ್ಲರ್ ಮ್ಯಾಲೆ ಸೆಮಿನಾರ್ ರೆಡಿ ಮಾಡೋದು ಹೆಂಗ?

ಡಿಗ್ರಿ ಹುಡುಗ್ರಿಗೆ ಮೊದಲ್ನೇ ಮಹಾಯುದ್ಧ ಅಂತ ಟಾಪಿಕ್ ಬಂದ್ರ ಎಲ್ರೂ ಫ್ರಾನ್ಸಿನ ಕಂದಕದ ಕತಿನೇ ಹೇಳ್ತಾರ. ನೀವು ಕಾರ್ಲ್ ಫಾನ್ ಮುಲ್ಲರ್ ಅನ್ನೋ ಜರ್ಮನ್ ನೌಕಾಪಡೆ ಕ್ಯಾಪ್ಟನ್‌ನ ತಗೋರಿ, ಯಾಕಂದ್ರ ಈತ 1914ರಾಗ ಗುಂಡು ಹಾಕಿದ್ದು ಮದ್ರಾಸಿಗೆ, ಆವಾಗ ನಮ್ಮ ರಾಯಚೂರು ಕೊಪ್ಪಳ ನಿಜಾಮ್ರ ಕಡಿ ಇದ್ರೂ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯೊಳಗೇ ಇತ್ತು, ಅಂದ್ರ ಬಳ್ಳಾರಿ ಮಂದಿಗೆ ಅದು ತಮ್ಮ ರಾಜಧಾನಿ ಮ್ಯಾಲೇ ಬಿದ್ದ ಗುಂಡು.

ಹುಟ್ಟು, ಓದು ಎರಡೇ ಸಾಲಿನ್ಯಾಗ ಮುಗಿಸ್ರಿ. 1873 ಹ್ಯಾನೋವರ್, 1891ಕ್ಕ ನೇವಿ, ಆಫ್ರಿಕಾ ಕಡಿ ಡ್ಯೂಟಿ, ಆಮ್ಯಾಲೆ ಬರ್ಲಿನ್ ಆಫೀಸು, 1913ಕ್ಕ ಎಮ್ಡೆನ್ ಅನ್ನೋ ಯುದ್ಧ ಹಡಗಿನ ಕಮಾಂಡ್. ಆಫ್ರಿಕಾದಾಗ ಹತ್ತಿದ ಮಲೇರಿಯಾ ಮಾತ್ರ ಬಿಡಬ್ಯಾಡ್ರಿ, ಕೊನಿಗೆ ಬೇಕಾಗ್ತದ.

ಈಗ ಒಂದು ದೊಡ್ಡ ಮ್ಯಾಪ್ ತಗೊಂಡು ಹಾದಿ ಹಾಕ್ರಿ: ಚೀನಾದ ತ್ಸಿಂಗ್ಟಾವ್, ಪಗಾನ್ ದ್ವೀಪ, ಬಂಗಾಳ ಕೊಲ್ಲಿ, ಮದ್ರಾಸ್, ಡಿಯೆಗೊ ಗಾರ್ಸಿಯಾ, ಪೆನಾಂಗ್, ಕೊಕೊಸ್. ಪಗಾನ್‌ದಾಗ ಜರ್ಮನ್ ಅಡ್ಮಿರಲ್ ಸ್ಪೇ ಅವರ ಹಡಗು ದಂಡಿನಿಂದ ಬ್ಯಾರೆ ಆಗಿ ಈತ ಒಬ್ಬನೇ ಹಿಂದೂ ಮಹಾಸಾಗರಕ್ಕ ಬಂದ. ಒಬ್ಬನೇ ಅಂದ್ರ ಜೋಡಿ ಮಾರ್ಕೊಮಾನಿಯಾ ಅಂತ ಒಂದು ಕಲ್ಲಿದ್ದಲು ಹಡಗು.

ಆ ಕಲ್ಲಿದ್ದಲೇ ನಿಮ್ಮ ಸೆಮಿನಾರಿನ ಜೀವ ನೋಡ್ರಿ. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕ ಕಲ್ಲಿದ್ದಲು ರೇಕ್ ಬರ್ಲಿಲ್ಲಂದ್ರ ಏನಾಗ್ತದಂತ ನಮ್ಮ ಹುಡುಗ್ರಿಗೆ ಬಿಡಿಸಿ ಹೇಳ್ಬೇಕಿಲ್ಲ, ಎಮ್ಡೆನ್ ಕತಿನೂ ಅದೇ, ಈ ಕಡಿ ಸಮುದ್ರದಾಗ ಆತಗ ಒಂದೂ ಸ್ವಂತ ಬಂದರಿಲ್ಲ. ಅದಕ್ಕ ಹಿಡಿದ ಹಡಗಿನ ಪಟ್ಟಿ ಹೇಳೋವಾಗ ಹೆಸರಿಗಿಂತ ಒಳಗ ಏನಿತ್ತು ಅನ್ನೋದು ಬರೀರಿ. ಸೆಪ್ಟೆಂಬರ್ 10ಕ್ಕ ಸಿಕ್ಕ ಪೊಂಟೊಪೊರೊಸ್ ಗ್ರೀಕ್ ಹಡಗು, ಒಳಗ ಕಲ್ಲಿದ್ದಲು, ಅದನ್ನ ಮುಳುಗಿಸ್ಲಿಲ್ಲ, ಜೋಡಿನೇ ಇಟ್ಕೊಂಡ. ಡಿಯೆಗೊ ಗಾರ್ಸಿಯಾದಾಗಂತೂ ಜನಕ್ಕ ಯುದ್ಧ ಶುರುವಾಗಿದ್ದೇ ಗೊತ್ತಿರ್ಲಿಲ್ಲ, ಈತ ಆರಾಮ ಕಲ್ಲಿದ್ದಲು ತುಂಬ್ಕೊಂಡು ಹೊಂಟ.

ಮದ್ರಾಸಿಗೆ ಒಂದು ಪೂರ್ತಿ ಸ್ಲೈಡ್ ಕೊಡ್ರಿ. 1914 ಸೆಪ್ಟೆಂಬರ್ 22, ರಾತ್ರಿ ಒಂಬತ್ತು ದಾಟಿತ್ತು, ಸರ್ಚ್‌ಲೈಟ್ ಬಿಟ್ಟು ಬರ್ಮಾ ಆಯಿಲ್ ಕಂಪನಿ ಟ್ಯಾಂಕುಗಳಿಗೆ ಸುಮಾರು 130 ಗುಂಡು. ಬಂದರಿನ್ಯಾಗಿದ್ದ ಚುಪ್ರಾ ಹಡಗಿಗೂ ಬಿತ್ತು, ಜನ ಸತ್ರು. ಹಿಡಿದ ಹಡಗಿನವ್ರನ್ನ ಕಬಿಂಗಾ ಹಡಗಿನ್ಯಾಗ ಕೂಡ್ಸಿ ಬಿಟ್ಟು ಕಳ್ಸಿದ, ಪೆನಾಂಗ್ ಹತ್ರ ಮುಳುಗಿಸಿದ ಫ್ರೆಂಚ್ ಹಡಗಿನವ್ರನ್ನ ನೀರಿನ್ಯಾಗಿಂದ ಎತ್ತಿದ, ಇದಕ್ಕ ಮಂದಿ ಭಾಳ ಹೊಗಳ್ತಾರ, ಖರೇನೂ ಅದ, ಆದ್ರ ಹೊಗಳಿಕಿ ಮತ್ತ ಸತ್ತೋರು ಎರಡೂ ಒಂದೇ ಸ್ಲೈಡಿನ್ಯಾಗ ಇರ್ಲಿ.

ಸ್ವಾತಂತ್ರ್ಯ ಹೋರಾಟಗಾರ ಚೆಂಪಕರಾಮನ್ ಪಿಳ್ಳೈ ಎಮ್ಡೆನ್ ಹಡಗಿನ್ಯಾಗಿದ್ರು ಅನ್ನೋ ಕತಿ ನಿಮಗ ಸಿಗ್ತದ. ಗಟ್ಟಿ ದಾಖಲಿ ಇಲ್ಲ, ಹಾಕಬ್ಯಾಡ್ರಿ.

ಕೊಕೊಸ್ ದ್ವೀಪದ ಕಾಳಗ ಹೇಳೋವಾಗ ಶೂರ, ವೀರ ಅನ್ನೋ ಬದ್ಲಿ ತೋಪಿನ ಅಳತಿ ಬೋರ್ಡ್ ಮ್ಯಾಲೆ ಬರೀರಿ: ಎಮ್ಡೆನ್ 10.5 ಸೆಂ.ಮೀ., ಆಸ್ಟ್ರೇಲಿಯಾದ ಯುದ್ಧ ಹಡಗು ಸಿಡ್ನಿ 15.2. ನವೆಂಬರ್ 9ಕ್ಕ ವೈರ್‌ಲೆಸ್ ಸ್ಟೇಷನ್ ಒಡಿಯಾಕ ಮಂದಿ ಇಳಿಸಿದ್ದ, ಸ್ಟೇಷನ್‌ನವ್ರು ಅಷ್ಟ್ರಾಗೇ ಸುದ್ದಿ ಕಳ್ಸಿಬಿಟ್ಟಿದ್ರು, ಸಿಡ್ನಿ ಬಂತು. 130ಕ್ಕಿಂತ ಹೆಚ್ಚು ಜನ ಸತ್ತು ಎಮ್ಡೆನ್ ಬಂಡೆಗಲ್ಲಿನ ಮ್ಯಾಲೆ ಹತ್ತಿತು.

ಮುಂದಿಂದು ಯಾರೂ ಹೇಳಂಗಿಲ್ಲ, ನೀವು ಹೇಳ್ರಿ. ಮುಲ್ಲರ್ ಬ್ರಿಟಿಷ್ರ ಕೈಗೆ ಸಿಕ್ಕು ಮಾಲ್ಟಾದಾಗ ಸೆರೆ, ಆಮ್ಯಾಲೆ ಇಂಗ್ಲೆಂಡ್, 1917ಕ್ಕ ಸುರಂಗ ಕೊರೆದು ತಪ್ಪಿಸ್ಕೊಂಡು ಮತ್ತ ಸಿಕ್ಕ. ಅದೇ ಮಲೇರಿಯಾ ಕಾಡಿ 1918ಕ್ಕ ನೆದರ್ಲೆಂಡ್ಸಿಗೆ ಕಳಿಸಿದ್ರು, 1919ಕ್ಕ ರಿಟೈರ್ಡ್, 1923ಕ್ಕ ತೀರ್ಕೊಂಡ, ವಯಸ್ಸು ಐವತ್ತೂ ಆಗಿರ್ಲಿಲ್ಲ. ಅಷ್ಟು ಹೆಸರಿದ್ರೂ ಆತ್ಮಕತಿ ಬರೀಲಿಲ್ಲ, ಸತ್ತ ಸಂಗಾತಿಗಳ ರಕ್ತದ ಮ್ಯಾಲೆ ರೊಕ್ಕ ಮಾಡ್ದಂಗ ಆಗ್ತದ ಅಂತ. ನನಗ ಆತನ ಮ್ಯಾಲೆ ಗೌರವ ಬರೋದು ಇಲ್ಲೇ.

ಮೆಟೀರಿಯಲ್‌ಗೆ ಆಸ್ಟ್ರೇಲಿಯಾದ ಟ್ರೋವ್ ವೆಬ್‌ಸೈಟ್ ನೋಡ್ರಿ, 1914ರ ಪೇಪರ್‌ಗಳು ಫ್ರೀ ಅವ. ರಾಯಚೂರಿಂದ ಚೆನ್ನೈಗೆ ಸೀದಾ ರೈಲಿನ ಲೈನ್ ಅದ, ಆಗ್ತದಂದ್ರ ಒಮ್ಮೆ ಹೋಗಿ ಅಲ್ಲಿನ ಹೈಕೋರ್ಟ್ ಗೋಡಿ ಮ್ಯಾಲಿನ ಎಮ್ಡೆನ್ ಫಲಕದ ಫೋಟೋ ನೀವೇ ತಗೊಂಡು ಬರ್ರಿ.

ಕೊನಿಗೆ ಮೇಷ್ಟ್ರು ‘ಮದ್ರಾಸೇ ಯಾಕ?’ ಅಂತ ಕೇಳೇ ಕೇಳ್ತಾರ. ಎಣ್ಣಿ ಸುಡೋದಷ್ಟೇ ಅಲ್ರಿ ಸರ್, ಬ್ರಿಟಿಷ್ರು ಇಲ್ಲಿ ಏನೂ ಆಗಗೊಡಂಗಿಲ್ಲ ಅನ್ನೋ ಜನರ ನಂಬಿಕಿ ಅಲ್ಲಾಡ್ಸೋದು, ವ್ಯಾಪಾರ ಕೆಡಿಸೋದು ಆತನ ಲೆಕ್ಕ ಅನ್ರಿ.